ಪುಟ್ಟಿಯ ಅರ್ಜಿಯ ಇಂಗ್ಲಿಷ್

ಪುಟ್ಟಿ, ಲಂಡನ್ನಿನ ಕಂಪನಿಗೆ ಬರೆದ ಅರ್ಜಿಯನ್ನು ಮನೆಯವರ ಗುಂಪಿಗೆ ಹಾಕಿ ‘ಇದರಲ್ಲಿ ತಪ್ಪಿದೆಯೇ ದೊಡ್ಡಪ್ಪ’ ಎಂದು ಕೇಳಿದ್ದೆಯಲ್ಲ, ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕುಳಿತು ಓದಿದೆ. ಟೈಪ್ ಮಾಡುವ ತಾಳ್ಮೆ ನನಗಿಲ್ಲ, ಬಾಯಲ್ಲೇ ಹೇಳಿಬಿಡುತ್ತೇನೆ.

ವ್ಯಾಕರಣದಲ್ಲಿ ಹುಳುಕಿಲ್ಲ. ಆದರೆ ‘ಐ ಪಾಸ್ಡ್ ಔಟ್ ಇನ್ 2023’ ಎಂಬ ಸಾಲನ್ನು ಮೊದಲು ತೆಗೆ. ನಾವು ಅದನ್ನು ಪದವಿ ಮುಗಿಸಿದೆ ಎಂದು ಓದುತ್ತೇವೆ. ಅವರು 2023ರಲ್ಲಿ ಈ ಹುಡುಗಿ ಮೂರ್ಛೆ ಹೋಗಿದ್ದಳು ಎಂದು ಓದುತ್ತಾರೆ. ಕುಡಿದು ಪ್ರಜ್ಞೆ ತಪ್ಪಿದವರಿಗೂ ಇದೇ ಮಾತು! ಸೈನ್ಯದ ತರಬೇತಿ ಮುಗಿಸಿದವರ ಪಾಸಿಂಗ್ ಔಟ್ ಪರೇಡ್ ಬ್ರಿಟನ್ನಿನಲ್ಲೂ ಉಂಟು, ನಿಜ. ಕಾಲೇಜು ಮುಗಿಸಿದವರಿಗೆ ಅದು ಒಪ್ಪುವುದಿಲ್ಲ. ‘ಗ್ರಾಜುಯೇಟೆಡ್’ ಎಂದು ಬರೆ, ಸಾಕು.

‘ಡೂ ದಿ ನೀಡ್‌ಫುಲ್’ ನೋಡಿ ನಿಮ್ಮ ಅಪ್ಪ ನಗುವ ಚಿತ್ರ ಹಾಕಿದ್ದಾನೆ. ನಗಲಿ. ಅದನ್ನು ನಮ್ಮವರು ಕಟ್ಟಿದ್ದಲ್ಲ, ಹಿಂದೆ ಇಂಗ್ಲೆಂಡಿನವರೇ ಪತ್ರಗಳಲ್ಲಿ ಬಳಸುತ್ತಿದ್ದರು. ಅವರು ಬಿಟ್ಟರು, ನಮ್ಮ ಕಚೇರಿಗಳು ಬಿಡಲಿಲ್ಲ. ಅದರ ದೋಷವೇನೆಂದರೆ, ಏನು ಮಾಡಬೇಕೆಂದು ಅದು ಹೇಳುವುದೇ ಇಲ್ಲ. ‘ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ’ ಎಂದು ಬರೆದ ಮಾತ್ರಕ್ಕೆ ಕಡತ ಮೇಜಿನಿಂದ ಕದಲುತ್ತದೆಯೇ? ನಿನಗೆ ಬೇಕಾಗಿರುವುದು ಸಂದರ್ಶನದ ದಿನಾಂಕ. ಅದನ್ನೇ ಕೇಳು.

ಇನ್ನು ‘ಔಟ್ ಆಫ್ ಸ್ಟೇಷನ್’. ಲಂಡನ್ನಿನವರು ಇದನ್ನು ಓದಿ ರೈಲು ನಿಲ್ದಾಣವನ್ನು ನೆನೆದಾರು. ಬ್ರಿಟಿಷರ ಕಾಲದಲ್ಲಿ ಅವರ ಅಧಿಕಾರಿಗಳೂ ಸೈನಿಕರೂ ನೆಲೆಸಿದ್ದ ಊರಿಗೆ ಸ್ಟೇಷನ್ ಎನ್ನುತ್ತಿದ್ದರು. ಬೆಂಗಳೂರಿನ ದಂಡು ಪ್ರದೇಶದ ಹೆಸರೇ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. ಅದು 1949ರಲ್ಲಿ ಬೆಂಗಳೂರು ನಗರದೊಳಗೆ ಸೇರಿಹೋಯಿತು. ನಾವು ಮಾತ್ರ ಮಂಡ್ಯದಿಂದ ಮದ್ದೂರಿಗೆ ಹೋದರೂ ಔಟ್ ಆಫ್ ಸ್ಟೇಷನ್ ಎನ್ನುತ್ತೇವೆ. ‘ಊರಿನಲ್ಲಿರುವುದಿಲ್ಲ’ ಎಂಬುದಕ್ಕೆ ‘ಅವೇ’ ಎಂದರೆ ಆಯಿತು.

‘ಪ್ರಿಪೋನ್’, ಅಂದರೆ ಗೊತ್ತಾದ ದಿನಕ್ಕಿಂತ ಮುಂಚೆಯೇ ಇಟ್ಟುಕೊಳ್ಳುವುದು, ಅದರ ಬಗ್ಗೆ ನನ್ನದು ಸ್ವಲ್ಪ ಹಟ. ಆಕ್ಸ್‌ಫರ್ಡ್ ನಿಘಂಟಿನಲ್ಲೇ ಅದಕ್ಕೆ ಜಾಗ ಸಿಕ್ಕಿದೆ, ಅಚ್ಚುಕಟ್ಟಾದ ಪದ. ಅಲ್ಲಿ ಎಲ್ಲರಿಗೂ ಅರ್ಥವಾಗದು ಎಂಬ ಕಾರಣಕ್ಕೆ ಈ ಅರ್ಜಿಯಲ್ಲಿ ‘ಬ್ರಿಂಗ್ ಫಾರ್ವರ್ಡ್’ ಎಂದು ಹಾಕು. ಬೆಂಗಳೂರಿನ ಕಂಪನಿಗೆ ಬರೆಯುವಾಗ ಧಾರಾಳವಾಗಿ ಬಳಸು, ತಪ್ಪೆಂದವರಿಗೆ ನನ್ನ ಜೊತೆ ಮಾತನಾಡಲು ಹೇಳು.

ತಿದ್ದಿದ ಪ್ರತಿಯನ್ನು ನನಗೊಬ್ಬನಿಗೇ ಕಳುಹಿಸಮ್ಮ. ಗುಂಪಿಗೆ ಹಾಕಿದರೆ ಚಿಕ್ಕಪ್ಪನದೊಂದು, ಸೋದರಮಾವನದೊಂದು ಪದ ಸೇರಿ ಬೆಳಗಾಗುವಷ್ಟರಲ್ಲಿ ಅದು ಲಗ್ನಪತ್ರಿಕೆಯಾಗಿರುತ್ತದೆ.