ಚಿತ್ರದುರ್ಗದ ಕೋಟೆಯಲ್ಲಿ ನಡೆಯುತ್ತಾ ನೋಡುವ ನಾಟಕ: ಜನರನ್ನೂ ಒಳಗೆ ಸೇರಿಸಿಕೊಳ್ಳುವುದು ಹೇಗೆ?

ದುರ್ಗದ ಹವ್ಯಾಸಿ (ಪ್ರಶ್ನೆ)

ನಮಸ್ಕಾರ. ನಮ್ಮದು ಹವ್ಯಾಸಿ ತಂಡ, ನಟರು 12 ಮಂದಿ. ಚಿತ್ರದುರ್ಗದ ಕೋಟೆಯೊಳಗೆ ಒಂದು ಗಂಟೆಯ ನಾಟಕ ಮಾಡಬೇಕೆಂದಿದ್ದೇವೆ. ವೇದಿಕೆಯಿಲ್ಲ, ಕುರ್ಚಿಯಿಲ್ಲ. ಮದ್ದು ಬೀಸುವ ಕಲ್ಲು (ಸಿಡಿಮದ್ದು ಅರೆಯುತ್ತಿದ್ದ ಜಾಗ), ಓಬವ್ವನ ಕಿಂಡಿ, ಗೋಪಾಲಸ್ವಾಮಿ ಹೊಂಡ ಹೀಗೆ ಐದು ಕಡೆ ದೃಶ್ಯಗಳಿರುತ್ತವೆ. ಜನ ಹತ್ತುತ್ತಾ ಬರಬೇಕು, ಪಾತ್ರಗಳು ಅವರನ್ನು ಮಾತಾಡಿಸಬೇಕು, ಕೈಗೆ ಕೆಲಸ ಕೊಡಬೇಕು. ಕಾಲ ಹೈದರಾಲಿಯ ಮುತ್ತಿಗೆಯ ದಿನಗಳದ್ದು. ಪ್ರೇಕ್ಷಕರು 45ರವರೆಗೆ.

ಅನುಮತಿ ಯಾರ ಹತ್ತಿರ ಕೇಳಬೇಕು? ಅಷ್ಟು ಜನರನ್ನು ಆ ಇಕ್ಕಟ್ಟಿನ ದಾರಿಯಲ್ಲಿ ನಡೆಸುವುದು ಹೇಗೆ? ಇನ್ನೊಂದು ಚಿಂತೆ: ಪಾತ್ರ ಬಂದು ಮಾತಾಡಿಸಿದರೆ ಅರ್ಧ ಜನ ನಾಚಿ ಹಿಂದೆ ಸರಿಯುತ್ತಾರೆ, ಉಳಿದವರು ಮೊಬೈಲ್ ಎತ್ತುತ್ತಾರೆ. ಇದಕ್ಕೇನಾದರೂ ಉಪಾಯ ಇದೆಯೇ?

ಕಲ್ಲುಬಾಗಿಲು (ಉತ್ತರ)

ಮೊದಲು ಕಾಗದಪತ್ರದ ಕೆಲಸ ಮುಗಿಸಿ. ಈ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ 1959ರ ನಿಯಮಗಳಿವೆ. ಅದರ 7ನೇ ನಿಯಮದ ಪ್ರಕಾರ ಸ್ಮಾರಕದೊಳಗೆ ಸಭೆ, ಸಮಾರಂಭ, ಮನರಂಜನೆ ಏನೇ ಇದ್ದರೂ ಲಿಖಿತ ಅನುಮತಿ ಬೇಕು. ಅರ್ಜಿ ಇಲಾಖೆಯ ವೃತ್ತ (ಪ್ರಾದೇಶಿಕ) ಕಚೇರಿಯ ಅಧೀಕ್ಷಕ ಪುರಾತತ್ವವಿದರಿಗೆ ಹೋಗಲಿ, ಒಂದು ಪ್ರತಿ ಕೋಟೆಯನ್ನು ನೋಡಿಕೊಳ್ಳುವ ಸಂರಕ್ಷಣಾ ಸಹಾಯಕರಿಗೂ ಇರಲಿ. ಮೂರು ತಿಂಗಳು ಮುಂಚೆ ಕೊಟ್ಟರೆ ಒಳ್ಳೆಯದು. ಬರೀ "ನಾಟಕ ಮಾಡುತ್ತೇವೆ" ಎಂದು ಬರೆದರೆ ಕಚೇರಿಯವರ ಕಣ್ಣಿಗೆ ಪೆಂಡಾಲು, ಜನರೇಟರು, ಧ್ವನಿವರ್ಧಕವೇ ಬರುತ್ತದೆ. ಆದ್ದರಿಂದ ದಾರಿಯ ನಕ್ಷೆ, ನಿಲ್ಲುವ ಐದು ಜಾಗ, ಪ್ರತಿ ಜಾಗದಲ್ಲಿ ಎಷ್ಟು ಜನ, ಶುರು ಎಷ್ಟಕ್ಕೆ, ಮುಗಿಯುವುದು ಎಷ್ಟಕ್ಕೆ ಎಲ್ಲ ಬರೆದು ಲಗತ್ತಿಸಿ. ಕಲ್ಲಿಗೆ ಮೊಳೆ ಹೊಡೆಯುವುದಿಲ್ಲ, ಏನನ್ನೂ ಅಂಟಿಸುವುದಿಲ್ಲ, ಬಣ್ಣ ತಾಗಿಸುವುದಿಲ್ಲ ಎಂಬ ಮಾತೂ ಅದರಲ್ಲಿರಲಿ.

8ನೇ ನಿಯಮವನ್ನು ಇಡೀ ತಂಡ ಕೂತು ಓದಬೇಕು, ಯಾಕೆಂದರೆ ನಿಮ್ಮ ಸ್ಕ್ರಿಪ್ಟನ್ನೇ ಅದು ತಿದ್ದುತ್ತದೆ. ಬಂದೂಕು ಹಾರಿಸುವಂತಿಲ್ಲ, ಆದ್ದರಿಂದ ಪಟಾಕಿಯ ಗುಂಡಿನ ಸದ್ದೂ ಬೇಡ. ಪ್ರಾಣಿ ತರುವಂತಿಲ್ಲ, ಕುದುರೆಯ ಪ್ರವೇಶ ಮರೆತುಬಿಡಿ. ಅಡುಗೆ ಮಾಡುವಂತಿಲ್ಲ. ಬಹಳ ಜನ ಗಮನಿಸದ ಒಂದು ಮಾತಿದೆ: ಪರವಾನಗಿ ಇಲ್ಲದೆ ದುಡ್ಡು ತೆಗೆದುಕೊಂಡು ಸ್ಮಾರಕ ಸುತ್ತಿಸಿ ತೋರಿಸುವುದೂ ಅಲ್ಲಿ ನಿಷಿದ್ಧ. ನಿಮ್ಮ ನಾಟಕದಲ್ಲಿ ಪ್ರೇಕ್ಷಕರು ಜೊತೆಗೆ ನಡೆಯುವುದರಿಂದ ಟಿಕೆಟ್ ಇಡುವುದಿದ್ದರೆ ಅದನ್ನು ಅರ್ಜಿಯಲ್ಲೇ ತಿಳಿಸಿ ಒಪ್ಪಿಗೆ ಪಡೆಯಿರಿ. ವಿಡಿಯೊಗೆ ಟ್ರೈಪಾಡ್ ಇಡುವುದಿದ್ದರೆ ಅದಕ್ಕೂ ಬೇರೆ ಕೇಳಬೇಕು.

ಒಳಗಿನ ಏಕನಾಥೇಶ್ವರಿ, ಹಿಡಿಂಬೇಶ್ವರ ಗುಡಿಗಳಲ್ಲಿ ಪೂಜೆ ನಡೆಯುತ್ತದೆ. ಅರ್ಚಕರನ್ನು ಮೊದಲೇ ಕಂಡು ಮಂಗಳಾರತಿಯ ಹೊತ್ತು ತಿಳಿದುಕೊಳ್ಳಿ. ಆ ಹೊತ್ತಿನಲ್ಲಿ ಗುಡಿಯ ಹತ್ತಿರ ಯಾವ ದೃಶ್ಯವೂ ಬೇಡ.

ತಾಲೀಮು (ಉತ್ತರ)

45 ಜನ ಒಂದೇ ಗುಂಪಾಗಿ ಹೋದರೆ ಮುಂದಿನ 15 ಜನ ನಾಟಕ ನೋಡುತ್ತಾರೆ, ಹಿಂದಿನ 30 ಜನ ಅವರ ಬೆನ್ನು ನೋಡುತ್ತಾರೆ. ಹದಿನೈದರ ಮೂರು ಗುಂಪು ಮಾಡಿ. ದೃಶ್ಯ 7 ನಿಮಿಷ, ನಡಿಗೆ 3 ನಿಮಿಷ, ಹೆಚ್ಚುಕಮ್ಮಿಗೆ 2 ನಿಮಿಷ, ಒಟ್ಟು 12. ಐದು ಜಾಗಕ್ಕೆ ಒಂದು ಗಂಟೆ. ಗುಂಪುಗಳು ಬೆಳಿಗ್ಗೆ 7.00, 7.12, 7.24ಕ್ಕೆ ಹೊರಟರೆ ಕೊನೆಯದು 8.24ಕ್ಕೆ ಮುಗಿಯುತ್ತದೆ, ಬಂಡೆ ಕಾಯುವ ಮೊದಲೇ. ನಟರು ತಮ್ಮ ಜಾಗ ಬಿಟ್ಟು ಕದಲುವುದಿಲ್ಲ, ಒಂದೇ ದೃಶ್ಯವನ್ನು ಮೂರು ಸಲ ಆಡುತ್ತಾರೆ. 12 ಮಂದಿಯಲ್ಲಿ ಮೂವರು ಸೂತ್ರಧಾರರು, ಗುಂಪಿಗೊಬ್ಬರಂತೆ. ಉಳಿದ ಒಂಬತ್ತು ಜನ ನಾಲ್ಕು ಕಡೆ ಇಬ್ಬಿಬ್ಬರು, ಒಂದು ಕಡೆ ಒಬ್ಬರು.

ನಡಿಗೆಯ ಹೊತ್ತನ್ನು ನಿಮ್ಮ ನಟರ ಕಾಲಲ್ಲಿ ಅಳೆಯಬೇಡಿ, ಅರವತ್ತು ದಾಟಿದ ಒಬ್ಬರನ್ನು ನಡೆಸಿ ಅಳೆಯಿರಿ. ಎಲ್ಲಾದರೂ 3 ನಿಮಿಷ ಮೀರಿದರೆ ಆ ದಾರಿಯನ್ನೇ ದೃಶ್ಯ ಮಾಡಿ: "ಮುತ್ತಿಗೆ ಬಿಗಿಯಾಗೈತಿ, ಈ ಮೂಟೆ ಮೇಲಕ್ಕೆ ಮುಟ್ಟಬೇಕು" ಎಂದು ಹೊಟ್ಟು ತುಂಬಿದ ಪುಟ್ಟ ಗೋಣಿಚೀಲ ಹೊರಿಸಿ. ಒಂದು ಕಿಲೋ ಸಾಕು, ಮಂಡಿನೋವಿನವರಿಗೆ ಅದೂ ಬೇಡ. ಮೊದಲ ಗುಂಪು ಮುಗಿಸಿದ ಕೂಡಲೇ ಕೆಳಗಿಳಿಯಲು ಬಿಡಬೇಡಿ. ಹತ್ತುವವರೂ ಇಳಿಯುವವರೂ ಕಿರಿದಾದ ಮೆಟ್ಟಿಲಲ್ಲಿ ಎದುರಾದರೆ ನಿಮ್ಮ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಕೊನೆಯ ಗುಂಪು ಮೇಲೆ ಮುಟ್ಟುವವರೆಗೆ ಅಲ್ಲೇ ನೀರು ಕೊಟ್ಟು ಕೂರಿಸಿ.

ಇನ್ನು ನಾಚಿಕೆಯ ಮಾತು. ಜನ ಹಿಂದೆ ಸರಿಯುವುದಕ್ಕೆ ಕಾರಣ ತಾವು ಅಲ್ಲಿ ಯಾರಾಗಿದ್ದೇವೆ ಎಂಬುದೇ ಅವರಿಗೆ ಗೊತ್ತಿಲ್ಲದಿರುವುದು. ಬಾಗಿಲಲ್ಲೇ ಒಂದು ಪಾತ್ರ ಕೊಟ್ಟುಬಿಡಿ: "ನೀವು ಸುತ್ತಲ ಹಳ್ಳಿಯವರು, ದಂಡು ಬರುತ್ತಿದೆಯೆಂದು ಕೋಟೆಯೊಳಗೆ ಸೇರಿದ್ದೀರಿ." ಅಷ್ಟು ಸಾಕು. ಆಮೇಲೆ "ನಿಮಗೇನನ್ನಿಸುತ್ತದೆ?" ಎಂದು ಕೇಳಬೇಡಿ, ಬಾಯಿ ಕಟ್ಟುತ್ತದೆ. ಕೈಗೆ ಕೆಲಸ ಕೊಡಿ, ಕೆಲಸ ಮಾಡುತ್ತಾ ಮಾತು ತಾನಾಗಿ ಬರುತ್ತದೆ. ಮೂಟೆಯೋ ಕೊಡವೋ ಎರಡೂ ಕೈಯಲ್ಲಿದ್ದರೆ ಮೊಬೈಲ್ ಜೇಬಿನಲ್ಲೇ ಉಳಿಯುತ್ತದೆ.

ಮದ್ದು ಬೀಸುವ ಕಲ್ಲಿನ ಹತ್ತಿರ ಹೀಗೆ ಮಾಡಬಹುದು. ಮೂರು ಮಣ್ಣಿನ ಬಟ್ಟಲು: ಪೆಟ್ಲುಪ್ಪಿನ ಬದಲು ಅಡುಗೆ ಉಪ್ಪು, ಗಂಧಕದ ಬದಲು ಅರಿಶಿನ, ಮೂರನೆಯದು ಇದ್ದಿಲ ಪುಡಿ. ಮದ್ದಿನವನು "ಯಾವುದು ಎಷ್ಟು?" ಎಂದು ಕೇಳುತ್ತಾನೆ. ಎಲ್ಲರೂ ಸಮಸಮ ಎನ್ನುತ್ತಾರೆ. ಆಗ ಅವನು ತೂಕದ ಲೆಕ್ಕದಲ್ಲಿ 15 ಸೇರು ಉಪ್ಪು, 3 ಸೇರು ಇದ್ದಿಲು, 2 ಸೇರು ಗಂಧಕ ಎಂದು ಎಣಿಸಿ ತೋರಿಸಲಿ. ಕರಿಮದ್ದಿನ 75:15:10 ಎಂಬ ಹೆಸರಾದ ಪ್ರಮಾಣ ಅದೇ. ನಿಜವಾದ ವಸ್ತುಗಳನ್ನು ಯಾವ ಕಾರಣಕ್ಕೂ ತರಬೇಡಿ. ಬಟ್ಟಲುಗಳು ಚಾಪೆಯ ಮೇಲಿರಲಿ. ಅರಿಶಿನ, ಇದ್ದಿಲು ಕಲ್ಲಿನ ಮೇಲೆ ಚೆಲ್ಲಿದರೆ ಕಲೆ ಉಳಿಯುತ್ತದೆ.

ಹೊಂಡದ ಹತ್ತಿರ ನೀರಿನ ಲೆಕ್ಕ ಆಡಿಸಿ. ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ ನೀರಿಳಿಯುವ ಏರ್ಪಾಡು ದುರ್ಗದ ದೊಡ್ಡ ಬೆರಗು. ಹತ್ತು ಖಾಲಿ ಕೊಡ ಇಟ್ಟು "ಇಷ್ಟೇ ಉಳಿದಿರೋದು, ಜನಕ್ಕೆಷ್ಟು, ದನಕ್ಕೆಷ್ಟು, ಗಾಯಾಳುಗಳಿಗೆಷ್ಟು?" ಎಂದು ಬಿಟ್ಟುಬಿಡಿ. ಇಲ್ಲಿ ಜನರ ಜಗಳವೇ ನಾಟಕ, ನಟ ಬಾಯಿ ಹಾಕಬಾರದು. ನೀರಿನ ಅಂಚಿನಿಂದ 3 ಮೀಟರ್ ಹಿಂದೆ ನಿಲ್ಲಿಸಿ, ಅಂಚಿನಲ್ಲಿ ತಂಡದವರೇ ಒಬ್ಬರು ನಿಂತಿರಲಿ.

ದುರ್ಗದ ಹವ್ಯಾಸಿ

ಬಹಳ ಉಪಕಾರವಾಯಿತು ಸರ್. ಗುಂಪಿನ ಲೆಕ್ಕ ಹೀಗೇ ಇಟ್ಟುಕೊಳ್ಳುತ್ತೇವೆ. ಓಬವ್ವನ ದೃಶ್ಯ ಮಾತ್ರ ಬಿಡಿಸಲಾಗುತ್ತಿಲ್ಲ. ಕಿಂಡಿಯಲ್ಲಿ ಒಬ್ಬರು ತೂರುವುದೇ ಕಷ್ಟ, ನೋಡುವವರು ಎಲ್ಲಿ ನಿಲ್ಲಬೇಕು? ಗಂಡನ ಹೆಸರನ್ನು ಕೆಲವರು ಕಾಲನಾಯಕ ಅನ್ನುತ್ತಾರೆ, ಕೆಲವರು ಮುದ್ದಹನುಮಪ್ಪ ಅನ್ನುತ್ತಾರೆ. ಯಾವುದು ಹಿಡಿಯಲಿ? ತಮಟೆ ಬಾರಿಸಬಹುದೇ?

ಬಾಯಿಮಾತು (ಉತ್ತರ)

ಹೆಸರಿನ ತೊಡಕಿಗೆ ಪರಿಹಾರ ಆ ಕಾಲದ ಮನೆಯಲ್ಲೇ ಇದೆ. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳುತ್ತಿರಲಿಲ್ಲ. ಓಬವ್ವ "ನಮ್ಮನೆಯೋರು ಉಣ್ಣಾಕ ಕುಂತಾರ" ಎಂದರೆ ಮುಗಿಯಿತು. ಯಾರಾದರೂ ಕೇಳಿದರೆ ಎರಡೂ ಹೆಸರು ಬಳಕೆಯಲ್ಲಿವೆ ಎಂದು ಸೂತ್ರಧಾರ ಹೇಳಲಿ.

ಆಧಾರ ಬೇರೆಬೇರೆ ತೂಕದವು ಎಂಬುದನ್ನು ಮಾತ್ರ ಮರೆಸಬೇಡಿ. 1779ರಲ್ಲಿ ಕೋಟೆ ಹೈದರನ ಕೈಸೇರಿದ್ದು, ಮದಕರಿ ನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು ಇತಿಹಾಸದ ದಾಖಲೆಯಲ್ಲಿದೆ. ಓಬವ್ವನ ಕಥೆಯನ್ನು ಉಳಿಸಿಕೊಂಡು ಬಂದದ್ದು ಮುಖ್ಯವಾಗಿ ಜನರ ಬಾಯಿ. ಇದರಿಂದ ಅವಳ ಗೌರವ ಒಂದು ಕೂದಲಷ್ಟೂ ಕಡಿಮೆಯಾಗುವುದಿಲ್ಲ. ಸೂತ್ರಧಾರನ ಮಾತಿನಲ್ಲೇ ಇದಕ್ಕೊಂದು ಗುರುತು ಇಟ್ಟುಕೊಳ್ಳಿ: ದಾಖಲೆಯ ಸಂಗತಿಗೆ "ಬರೆದಿಟ್ಟದ್ದು", ಜನಪದದ್ದಕ್ಕೆ "ಹೇಳಿಕೊಂಡು ಬಂದದ್ದು". ಎರಡನೇ ದೃಶ್ಯದ ಹೊತ್ತಿಗೆ ಜನಕ್ಕೆ ತಾನಾಗಿ ಅರ್ಥವಾಗುತ್ತದೆ.

ಹೈದರನ ವಿಷಯಕ್ಕೆ ಯಾರಾದರೂ ಇವತ್ತಿನ ರಾಜಕೀಯ ಎಳೆದೇ ಎಳೆಯುತ್ತಾರೆ. ಪಾತ್ರಧಾರಿ ತನ್ನ ಕಾಲ ಬಿಟ್ಟು ಉತ್ತರಿಸಬಾರದು. ಕಾವಲಿನವನಿಗೆ ಗೊತ್ತಿರುವುದು ಕೆಳಗೆ ದಂಡು ಇಳಿದಿದೆ, ಮೇಲೆ ಕಾಳು ಎಷ್ಟಿದೆ ಎಂಬುದಷ್ಟೇ. ಉಳಿದದ್ದು ಸೂತ್ರಧಾರನ ಪಾಲು. ಮಾತು ಹಳಗನ್ನಡದಂತೆ ಉಬ್ಬುವುದು ಬೇಡ, ದುರ್ಗದ ಸುತ್ತಲಿನ ಆಡುಮಾತೇ ಸಾಕು. ಅಡುಗೆಯ ಮಾತು ಬಂದಾಗ ಟೊಮೆಟೊ, ಆಲೂಗಡ್ಡೆ ನುಸುಳದಂತೆ ನೋಡಿಕೊಳ್ಳಿ. ರಾಗಿ, ನವಣೆ, ಹುರುಳಿ, ಹುಣಸೆ ಸಾಲದೇ?

ತೆರೆಮರೆ (ಉತ್ತರ)

ಕಿಂಡಿಯೊಳಗೆ ನಾಟಕ ಬೇಡವೇ ಬೇಡ. ಓಡಾಡಿ ಓಡಾಡಿ ಕಲ್ಲು ನುಣುಪಾಗಿದೆ, ಒನಕೆ ಎತ್ತುವಷ್ಟು ಜಾಗವಿಲ್ಲ, ಹೊರಗಿನ ಪ್ರವಾಸಿಗರು ಯಾವ ಗಳಿಗೆಯಲ್ಲಾದರೂ ಅತ್ತಲಿಂದ ತಲೆ ಹಾಕುತ್ತಾರೆ. ಕೋಟೆಯ ಒಳಮೈಯಲ್ಲಿ ಕಿಂಡಿಯ ಬಾಯಿ ಕಾಣುವಂತೆ 15 ಜನರನ್ನು ಅರ್ಧಚಂದ್ರಾಕಾರವಾಗಿ ನಿಲ್ಲಿಸಿ. ಓಬವ್ವನಿಂದ ಮೊದಲ ಸಾಲಿಗೆ 4 ಮೀಟರ್ ಇರಲಿ. ಶತ್ರುಗಳನ್ನು ತೋರಿಸಲೇಬೇಡಿ. ಅವಳು ಒನಕೆ ಎತ್ತುತ್ತಾಳೆ, ಇಳಿಸುತ್ತಾಳೆ, ಎಳೆದು ಪಕ್ಕಕ್ಕೆ ಹಾಕುವಂತೆ ಬಾಗುತ್ತಾಳೆ, ಮತ್ತೆ ಕಿವಿಗೊಟ್ಟು ನಿಲ್ಲುತ್ತಾಳೆ. ಆ ಕಿವಿಗೊಡುವ ಮೌನವನ್ನು ಹತ್ತು ಎಣಿಸುವಷ್ಟು ಹಿಡಿಯಿರಿ. ಜನರೂ ಉಸಿರು ಬಿಗಿಹಿಡಿದು ಕಿಂಡಿಯತ್ತ ಕಿವಿಗೊಡುತ್ತಾರೆ.

ಒನಕೆ ಎರಡು ಬೇಕು. ನಿಜವಾದದ್ದು ದೃಶ್ಯಕ್ಕೆ ಮೊದಲು, ಮರದ ಒರಳಿನಲ್ಲಿ ಕುಟ್ಟಲು. ಬಂದವರಲ್ಲಿ ಇಬ್ಬರ ಕೈಗೆ ಕೊಟ್ಟು ಇಪ್ಪತ್ತು ಏಟು ಹಾಕಿಸಿ. ಹದಿನೈದಕ್ಕೇ ತೋಳು ಸೋಲುತ್ತದೆ. ಓಬವ್ವ ಎಂಥವಳು ಎಂದು ಬೇರೆ ವರ್ಣಿಸಬೇಕಾಗಿಲ್ಲ. ಹಣೆಗೆ ತಾಗದಂತೆ ಇಬ್ಬರೂ ಎದುರುಬದುರು ನಿಂತು ಒಂದೊಂದೇ ಏಟು ಹಾಕಲಿ. ಕಾದಾಟಕ್ಕೆ ಹಗುರ ಮರದ, ಎರಡೂ ತುದಿಗೆ ಬಟ್ಟೆ ಸುತ್ತಿ ಅದೇ ಬಣ್ಣ ಹಚ್ಚಿದ ಒನಕೆ. ಒರಳ ಕೆಳಗೆ ದಪ್ಪ ಗೋಣಿ ಹಾಸಿ. ಒರಳಿಗೆ ಕಾಳು ಹಾಕಬೇಡಿ, ಹೊಟ್ಟು ಹಾಕಿ. ಕಾಳಿದ್ದರೆ ಕೋತಿಗಳು ದೃಶ್ಯದ ಮಧ್ಯೆಯೇ ಇಳಿಯುತ್ತವೆ.

ತಮಟೆ ಬಾರಿಸಬಹುದು, ಆದರೆ ಚರ್ಮ ಕಾಯಿಸಲು ಒಳಗೆ ಬೆಂಕಿ ಹಾಕುವಂತಿಲ್ಲ. ಕೋಟೆಯ ಹೊರಗೆ ಕಾಯಿಸಿಕೊಂಡು ಬಟ್ಟೆ ಸುತ್ತಿ ಮೇಲೆ ಒಯ್ಯಬೇಕು, ಬೆಳಗಿನ ತಂಪಿಗೆ ಮತ್ತೆ ಸಡಿಲಾದೀತು. ಮೂರು ಸಲ ಆಡಬೇಕಿರುವುದರಿಂದ ಫೈಬರ್ ಹೊದಿಕೆಯ ತಮಟೆಯೇ ವಾಸಿ. ಬಾರಿಸುವ ಮೊದಲು ಮೇಲಿನ ಬಂಡೆಗಳನ್ನು ಕಣ್ಣೆತ್ತಿ ನೋಡಿ. ಹೆಜ್ಜೇನು ಕಟ್ಟಿದ್ದರೆ ಅಲ್ಲಿ ತಮಟೆ, ಊದುಬತ್ತಿ, ಘಮಘಮಿಸುವ ಅತ್ತರು ಯಾವುದೂ ಬೇಡ, ಜಾಗವನ್ನೇ ಬದಲಿಸಿ.

ಮೈಕಿಲ್ಲದೆ ಬಯಲಲ್ಲಿ ಮಾತು ಸ್ಪಷ್ಟವಾಗಿ ಮುಟ್ಟುವುದು ಹತ್ತು ಹನ್ನೆರಡು ಮೀಟರ್. ದುರ್ಗದ ಗಾಳಿ ಗೊತ್ತಿದ್ದದ್ದೇ, ಅದಕ್ಕೇ ಸುತ್ತ ಗಾಳಿಯಂತ್ರ ನಿಲ್ಲಿಸಿದ್ದಾರೆ. ಗಾಳಿ ನಟನ ಬೆನ್ನ ಕಡೆಯಿಂದ ಪ್ರೇಕ್ಷಕರತ್ತ ಬೀಸುವಂತೆ ನಿಲ್ಲಿ. ಎದುರುಗಾಳಿಯಾದರೆ ಎಷ್ಟು ಕೂಗಿದರೂ ವ್ಯರ್ಥ. ಬೆನ್ನ ಹಿಂದೆ ಒಂದೆರಡು ಮೀಟರಿನಲ್ಲಿ ಬಂಡೆ ಸಿಕ್ಕರೆ ದನಿ ತುಂಬಿ ಬರುತ್ತದೆ. ಎದುರಿನ ಬಂಡೆ 17 ಮೀಟರಿಗಿಂತ ದೂರವಿದ್ದರೆ ಪ್ರತಿಧ್ವನಿ ಬೇರೆಯಾಗಿ ಕೇಳಿ ಮಾತು ಕಲಸುತ್ತದೆ, ಅಲ್ಲಿ ವಾಕ್ಯ ಚಿಕ್ಕದಿರಲಿ, ನಡುವೆ ನಿಲುಗಡೆ ಇರಲಿ. ಆಷಾಢದಲ್ಲಿ ಬೇಡ, ನವೆಂಬರಿನಿಂದ ಫೆಬ್ರುವರಿಯೊಳಗೆ ದಿನ ಹಿಡಿಯಿರಿ.

ಕಾಲಿಗೆ ಹೊಸ ಚರ್ಮದ ಚಪ್ಪಲಿ ಹಾಕಿದರೆ ಬಂಡೆಯ ಮೇಲೆ ಜಾರುತ್ತದೆ. ಟೈರಿನ ಅಟ್ಟೆಯ ಚಪ್ಪಲಿಗೆ ಮೇಲೊಂದು ಚರ್ಮದ ಪಟ್ಟಿ ಹೊಲಿಸಿಬಿಡಿ. ತಾಲೀಮಿನ ಮೊದಲ ದಿನದಿಂದಲೇ ಅದನ್ನು ಮೆಟ್ಟಿ ಹತ್ತಿ ಇಳಿದು ಪಳಗಲಿ.