‘ಸೆಲೆಕ್ಷನ್ ಡೇ’ ಎಂಬ ಹೆಸರು ಮಂಜುವಿನ ಕಥೆಗೆ ಒಪ್ಪುತ್ತದೆಯೇ?

ಪಿ.ಟಿ. ಮೇಷ್ಟ್ರು, ಹಾಸನ

ಅರವಿಂದ ಅಡಿಗರ 2016ರ ಕಾದಂಬರಿ ‘ಸೆಲೆಕ್ಷನ್ ಡೇ’ ಓದಿ ಮುಗಿಸಿದೆ. ಪುಸ್ತಕ ಬಹಳ ಹಿಡಿಸಿತು, ಹೆಸರು ಮಾತ್ರ ಒಪ್ಪಿಗೆಯಾಗಲಿಲ್ಲ. (ಕಥೆಯ ಕೊನೆ ಈಗಲೇ ತಿಳಿಯಬಾರದು ಎನ್ನುವವರು ಮುಂದೆ ಓದಬೇಡಿ.)

ನಮ್ಮ ಪಶ್ಚಿಮ ಘಟ್ಟದ ಕಡೆಯಿಂದ ಮುಂಬೈಗೆ ಹೋಗಿ ಚಟ್ನಿ ಮಾರುವ ಮೋಹನ್ ಕುಮಾರ್ ಇಬ್ಬರು ಮಕ್ಕಳನ್ನು ಬ್ಯಾಟ್ಸ್‌ಮನ್‌ಗಳಾಗಿಸಲೆಂದೇ ಬೆಳೆಸುತ್ತಾನೆ. ದೊಡ್ಡವನು ರಾಧಾ ಜಗತ್ತಿನ ಮೊದಲನೆಯ ಬ್ಯಾಟ್ಸ್‌ಮನ್ ಆಗಬೇಕು, ಚಿಕ್ಕವನು ಮಂಜು ಎರಡನೆಯವನು. ಅಪ್ಪನ ಪಟ್ಟಿ ಮೊದಲೇ ಸಿದ್ಧ. ಮಂಜುವಿನ ಮನಸ್ಸು ಇರುವುದು ವಿಜ್ಞಾನದಲ್ಲಿ. ಅದನ್ನು ಕೇಳುವವರು ಯಾರು? ಪ್ರತಿಭೆ ಹುಡುಕುವ ಟಾಮಿ ಸರ್ ಬರುತ್ತಾರೆ. ಹುಡುಗರ ಮುಂದಿನ ಗಳಿಕೆಯಲ್ಲಿ ಪಾಲು ಪಡೆಯುವ ಕರಾರಿನ ಮೇಲೆ ಆನಂದ್ ಮೆಹ್ತಾ ಹಣ ಕೊಡುತ್ತಾನೆ. ಎಲ್ಲವೂ ತೀರ್ಮಾನವಾಗುವುದು ಅಲ್ಲಿಯೇ. ಹೀಗಿರುವಾಗ ಆಯ್ಕೆಗಾರರು ಕ್ರಿಕೆಟ್ ತಂಡಕ್ಕೆ ಹುಡುಗರನ್ನು ಆರಿಸುವ ಒಂದು ದಿನದ ಹೆಸರನ್ನು ಇಡೀ ಪುಸ್ತಕಕ್ಕೆ ಏಕೆ ಇಡಬೇಕು? ಅದು ಅಪ್ಪನ ದಿನ, ಮೆಹ್ತಾನ ದಿನ. ಜಿಲ್ಲಾ ಮಟ್ಟದ ಆಯ್ಕೆಗೆ ನಾನೂ ಹುಡುಗರನ್ನು ಕರೆದುಕೊಂಡು ಹೋಗುತ್ತೇನೆ. ಬೇಲಿಯಾಚೆ ನಿಂತ ತಂದೆಯರು ಪ್ರತಿ ಚೆಂಡಿಗೂ ಹಲ್ಲು ಕಚ್ಚುವುದನ್ನು ನೋಡಿದರೆ ಆಡುತ್ತಿರುವವರು ಯಾರು ಎಂಬ ಸಂಶಯ ಬರುತ್ತದೆ.

ಘಟ್ಟದ ಕೆಳಗಿನವಳು

ಮೇಷ್ಟ್ರೇ, ನೀವು ಹೇಳುವ ಕಾರಣಕ್ಕೇ ಆ ಹೆಸರು ಸರಿ ಎನ್ನುತ್ತೇನೆ. ಕಥೆ ಶುರುವಾಗುವುದೇ ಆ ದಿನಕ್ಕೆ ಮೂರು ವರ್ಷ ಮೊದಲು. ಅಪ್ಪ ವಿಧಿಸುವ ಕಟ್ಟುಪಾಡುಗಳೆಲ್ಲ ಅದೊಂದು ದಿನಕ್ಕಾಗಿ. ಮಂಜು ಎಂಟನೆಯ ತರಗತಿಯಲ್ಲಿ ಓದುವುದಕ್ಕಿಂತ ಆ ದಿನ ಎಷ್ಟು ದೂರವಿದೆ ಎಂಬುದೇ ಆ ಮನೆಯವರ ಕ್ಯಾಲೆಂಡರ್. ಅವನ ಬಾಲ್ಯವನ್ನು ನುಂಗಿದ್ದರ ಹೆಸರನ್ನೇ ಲೇಖಕರು ಮುಖಪುಟದ ಮೇಲೆ ಇಟ್ಟಿದ್ದಾರೆ. ನನಗೆ ನೋವಾದದ್ದು ರಾಧಾನ ವಿಷಯದಲ್ಲಿ. ತಮ್ಮ ಆಯ್ಕೆಯಾದ, ಅಣ್ಣ ಹೊರಗುಳಿದ. ಆ ದಿನದ ಭಾರವೆಲ್ಲ ಬಿದ್ದದ್ದು ಅವನ ಮೇಲೆ.

ಬೋರಿವಲಿ ಲೋಕಲ್

ಮಂಜುವಿನ ಮನೆ ಇರುವ ದಹಿಸರ್ ನಮ್ಮ ಮುಂದಿನ ನಿಲ್ದಾಣ. ಬೆಳಿಗ್ಗೆ ಚರ್ಚ್‌ಗೇಟ್ ಗಾಡಿಗೆ ಕಿಟ್‌ಬ್ಯಾಗ್ ಹೊತ್ತು ಹತ್ತುವ ಹುಡುಗರನ್ನು ನೋಡುತ್ತಲೇ ಇರುತ್ತೇನೆ. 1988ರಲ್ಲಿ ಹ್ಯಾರಿಸ್ ಶೀಲ್ಡ್ ಪಂದ್ಯದಲ್ಲಿ ತೆಂಡೂಲ್ಕರ್ 326, ಕಾಂಬ್ಳಿ 349 ಹೊಡೆದು, ಇಬ್ಬರೂ ಔಟಾಗದೆ 664 ಓಟಗಳ ಜೊತೆಯಾಟ ಆಡಿದ್ದು ಆಜಾದ್ ಮೈದಾನದಲ್ಲಿ. ಶಾಲಾ ಹುಡುಗರ ಪಂದ್ಯವೊಂದು ಬದುಕು ಬದಲಿಸಬಲ್ಲದು ಎಂದು ಈ ಊರು ನಂಬುವುದು ಸುಮ್ಮನೆ ಅಲ್ಲ. ಹಾಗಾಗಿ ಮೋಹನ್ ಕುಮಾರನನ್ನು ಹುಚ್ಚ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ಜಾವೇದನ ಬಗ್ಗೆ ನೀವಿಬ್ಬರೂ ಒಂದು ಮಾತೂ ಆಡಲಿಲ್ಲವಲ್ಲ? ಶ್ರೀಮಂತ ಮನೆಯ ಎಡಗೈ ಬ್ಯಾಟ್ಸ್‌ಮನ್, ಕ್ರಿಕೆಟ್ಟನ್ನು ಬಿಟ್ಟು ಹೊರನಡೆಯುವವನು, ‘ನೀನೂ ಬಾ’ ಎಂದು ಮಂಜುವನ್ನು ಕರೆಯುವವನು. ಮಂಜುವಿಗೆ ಅವನ ಮೇಲೆ ಇರುವುದು ಬರಿಯ ಗೆಳೆತನವಲ್ಲ, ಅದನ್ನು ಒಪ್ಪಿಕೊಳ್ಳುವ ಧೈರ್ಯ ಮಾತ್ರ ಅವನಿಗಿಲ್ಲ. ಈ ಕಥೆಯ ಜೀವ ಇರುವುದು ಅಲ್ಲಿ. ಹೆಸರು ಅದನ್ನು ಮುಚ್ಚಿಡುತ್ತದೆ, ಮಂಜು ಜಗತ್ತಿನಿಂದ ಮುಚ್ಚಿಟ್ಟ ಹಾಗೆಯೇ. ಕ್ರಿಕೆಟ್ ಕಾದಂಬರಿ ಎಂದು ಕೈಗೆತ್ತಿಕೊಂಡವರಿಗೆ ಅದು ತಡವಾಗಿ ಕಾಣುವುದೇ ಸರಿ.

ಪಿ.ಟಿ. ಮೇಷ್ಟ್ರು, ಹಾಸನ

ಜಾವೇದನ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಮುಚ್ಚಿಡುವ ಹೆಸರು ಎಂದು ನಾನು ಓದಿರಲಿಲ್ಲ. ಆ ಲೆಕ್ಕದಲ್ಲಿ ಅದಕ್ಕೆ ಬೆಲೆಯಿದೆ. ಆದರೂ ನನ್ನ ತಕರಾರು ಪೂರ್ತಿ ಹೋಗಿಲ್ಲ. ಕೊನೆಯ ಭಾಗ ಹನ್ನೊಂದು ವರ್ಷ ಮುಂದಕ್ಕೆ ಜಿಗಿಯುತ್ತದೆ, ಆಯ್ಕೆಯಾದವನು ಏನಾದ ಎಂದು ತೋರಿಸುತ್ತದೆ. ಪುಸ್ತಕದಲ್ಲಿ ನನ್ನನ್ನು ಅತಿಯಾಗಿ ಕಲಕಿದ ಪುಟಗಳು ಅವೇ. ಅವಕ್ಕೆ ಈ ಹೆಸರಿನಲ್ಲಿ ಎಲ್ಲಿ ಜಾಗ? ಆ ಭಾಗವನ್ನು ನೀವಿಬ್ಬರೂ ಹೇಗೆ ಓದಿದಿರಿ, ಬರೆಯಿರಿ.