ಗ್ರಾಫಿಕ್ಸ್ ಕಾರ್ಡಿನ ಪೇಸ್ಟ್, ಪ್ಯಾಡ್ ನೀವೇ ಬದಲಿಸಿದ್ದೀರಾ? ಅನುಭವ ಹೇಳಿ

ಬೆಂಗಳೂರಿನ ವಿಜಯನಗರದಿಂದ ಪ್ರಶ್ನೆ

ಎರಡು ವರ್ಷಗಳ ಹಿಂದೆ ಬಳಸಿದ ಆರ್‌ಟಿಎಕ್ಸ್ 3080 ಕಾರ್ಡ್ ಒಂದನ್ನು ಕೊಂಡೆ, 10 ಜಿಬಿಯದು. ಮಾರಿದವರು ‘ಆಟಕ್ಕಷ್ಟೇ ಬಳಸಿದ್ದು’ ಎಂದರು, ನಂಬಿದೆ. ಈಗ ಅರ್ಧ ಗಂಟೆ ಆಡಿದರೆ ಸಾಕು, ಅಡುಗೆಮನೆಯಿಂದ ಅಮ್ಮ ‘ಮಿಕ್ಸಿ ಹಾಕಿದ್ದು ಯಾರು?’ ಎಂದು ಕೇಳುವಷ್ಟು ಫ್ಯಾನುಗಳ ಸದ್ದು. ಎಚ್‌ಡಬ್ಲ್ಯುಇನ್ಫೊ ಎಂಬ ಬಿಸಿ ತೋರಿಸುವ ತಂತ್ರಾಂಶದಲ್ಲಿ ಕಾಣುವುದು ಇಷ್ಟು: ಚಿಪ್ 79 ಡಿಗ್ರಿ, ಹಾಟ್ ಸ್ಪಾಟ್ (ಚಿಪ್ಪಿನಲ್ಲೇ ಅತಿ ಬಿಸಿಯಾದ ಜಾಗ) 103, ಮೆಮೊರಿ 108. ವಾರಂಟಿ ಮುಗಿದಿದೆ. ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಚಿಪ್ಪಿನ ಬಿಸಿಯನ್ನು ಅದರ ಮೇಲಿನ ಲೋಹದ ಹೀಟ್‌ಸಿಂಕಿಗೆ ದಾಟಿಸುವ ಪೇಸ್ಟ್, ಮೆಮೊರಿಯ ಬಿಸಿ ದಾಟಿಸುವ ಪ್ಯಾಡ್ ಎರಡಕ್ಕೂ ಸೇರಿ ಮೂರು ಸಾವಿರ ಕೇಳಿದರು. ಪ್ರೊಸೆಸರಿಗೆ ಪೇಸ್ಟ್ ಹಚ್ಚಿ ಗೊತ್ತು, ಅದಕ್ಕಿಂತ ಹೆಚ್ಚಿನ ಅನುಭವವಿಲ್ಲ. ನಾನೇ ಬಿಚ್ಚಬಹುದೇ?

ಬನಶಂಕರಿಯಿಂದ

ಬಿಚ್ಚಬಹುದು. ಅದಕ್ಕೆ ಮೊದಲು ಆ ಮೂರು ಅಂಕಿಗಳನ್ನು ಬಿಡಿಬಿಡಿಯಾಗಿ ಓದಿ. ಚಿಪ್ಪಿಗೂ ಹಾಟ್ ಸ್ಪಾಟಿಗೂ 10–15 ಡಿಗ್ರಿ ವ್ಯತ್ಯಾಸ ಇರುವುದು ಸಾಮಾನ್ಯ. ನಿಮ್ಮದು 24. ಚಿಪ್ಪಿನ ಯಾವುದೋ ಒಂದು ಭಾಗದಲ್ಲಿ ಪೇಸ್ಟ್ ಒಣಗಿದೆ ಅಥವಾ ಬದಿಗೆ ಸರಿದಿದೆ. ಮೆಮೊರಿಯ 108ಕ್ಕೂ ಪೇಸ್ಟಿಗೂ ಸಂಬಂಧವಿಲ್ಲ, ಅದು ಪ್ಯಾಡಿನ ಕಥೆ. ನಿಮ್ಮ ಕಾರ್ಡಿನಲ್ಲಿರುವುದು ಜಿಡಿಡಿಆರ್6ಎಕ್ಸ್ ಮೆಮೊರಿ. 110 ಮುಟ್ಟಿದರೆ ಅದು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಇನ್ನು ‘ಆಟಕ್ಕಷ್ಟೇ’ ಎಂಬ ಮಾತು: 2022ರ ಸೆಪ್ಟೆಂಬರಿನಲ್ಲಿ ಕಾರ್ಡುಗಳಿಂದ ಲೆಕ್ಕ ಮಾಡಿಸಿ ಇಥೀರಿಯಂ ಎಂಬ ಡಿಜಿಟಲ್ ಹಣ ಗಳಿಸುವ ‘ಗಣಿಗಾರಿಕೆ’ ನಿಂತ ಮೇಲೆ ಆ ಕೆಲಸಕ್ಕೆ ದುಡಿದ ಕಾರ್ಡುಗಳು ರಾಶಿರಾಶಿಯಾಗಿ ಮಾರಾಟಕ್ಕೆ ಬಂದವು. ಆ ಕೆಲಸ ಹಿಂಡುತ್ತಿದ್ದುದು ಮುಖ್ಯವಾಗಿ ಮೆಮೊರಿಯನ್ನು. ನಿಮ್ಮದೂ ಅಂಥದ್ದೇ ಎನ್ನಲಾರೆ, ಆದರೆ ನನಗೇನೂ ಆಶ್ಚರ್ಯವಾಗುವುದಿಲ್ಲ.

ನಾನು ಎಡವಿದ್ದು ಪ್ಯಾಡಿನಲ್ಲಿ. ಪೇಸ್ಟ್ ಹೆಚ್ಚಾದರೆ ಬದಿಗೆ ಹರಿಯುತ್ತದೆ, ಒರೆಸಿದರಾಯಿತು. ಪ್ಯಾಡು ಹಾಗಲ್ಲ. ಹೀಟ್‌ಸಿಂಕ್ ಒಂದೇ ತುಂಡು. ಅದು ಚಿಪ್ಪಿನ ಮೇಲೂ ಕೂರಬೇಕು, ಮೆಮೊರಿಯ ಮೇಲಿನ ಪ್ಯಾಡುಗಳ ಮೇಲೂ ಕೂರಬೇಕು. ಪ್ಯಾಡು ಅರ್ಧ ಮಿಲಿಮೀಟರ್ ದಪ್ಪವಾದರೂ ಹೀಟ್‌ಸಿಂಕ್ ಅದರ ಮೇಲೇ ನಿಂತುಬಿಡುತ್ತದೆ, ಚಿಪ್ಪಿಗೆ ತಾಗುವುದಿಲ್ಲ. ನಾನು 1.5 ಮಿ.ಮೀ. ಇರಬೇಕಾದ ಕಡೆ ‘ದಪ್ಪ ಇದ್ದರೆ ಚೆನ್ನಾಗಿ ಒತ್ತುತ್ತದೆ’ ಎಂದುಕೊಂಡು 2 ಮಿ.ಮೀ. ಹಾಕಿದೆ. ಮೆಮೊರಿ 82ಕ್ಕೆ ಇಳಿಯಿತು, ಹಾಟ್ ಸ್ಪಾಟ್ ಮಾತ್ರ ಎರಡೇ ನಿಮಿಷದಲ್ಲಿ 107. ಮತ್ತೆ ಬಿಚ್ಚಿ ನೋಡಿದರೆ ಚಿಪ್ಪಿನ ಒಂದು ಬದಿಯಲ್ಲಿ ಪೇಸ್ಟ್ ಬೆರಳಚ್ಚಿನಷ್ಟು ತೆಳುವಾಗಿ ಒತ್ತಿಕೊಂಡಿತ್ತು. ಇನ್ನೊಂದು ಬದಿಯಲ್ಲಿ, ಪೇಸ್ಟ್ ಸವರಲು ನಾನು ಬಳಸಿದ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಗೆರೆಗಳು ಒಂದೂ ಅಳಿಸದೆ ಹಾಗೆಯೇ ಇದ್ದವು. ಅಲ್ಲಿಗೆ ಹೀಟ್‌ಸಿಂಕ್ ಮುಟ್ಟಿಯೇ ಇರಲಿಲ್ಲ.

ಆದ್ದರಿಂದ ಹಳೆಯ ಪ್ಯಾಡನ್ನು ಅಳೆಯದೆ ಹೊಸದನ್ನು ಕೊಳ್ಳಬೇಡಿ. ಮೆಮೊರಿ ಚಿಪ್ಪಿನ ಮೇಲೆ ಕೂತ ಭಾಗ ಒತ್ತಿಹೋಗಿರುತ್ತದೆ, ಅದರ ಅಳತೆ ಸುಳ್ಳು ಹೇಳುತ್ತದೆ. ಚಿಪ್ಪಿನ ಅಂಚಿನಿಂದ ಆಚೆ ಚಾಚಿಕೊಂಡ ಚೂರಿನಲ್ಲಿ ಮೂಲ ದಪ್ಪ ಉಳಿದಿರುತ್ತದೆ, ವರ್ನಿಯರ್ ಕ್ಯಾಲಿಪರ್ ಅನ್ನು ಅಲ್ಲಿಗೆ ಹಿಡಿಯಿರಿ. ಹೊಸ ಪ್ಯಾಡುಗಳನ್ನು ಇಟ್ಟ ಮೇಲೆ ಚಿಪ್ಪಿಗೆ ಅಗ್ಗದ ಪೇಸ್ಟ್ ಸವರಿ, ಪೂರ್ತಿ ಬಿಗಿದು, ಕರೆಂಟ್ ಕೊಡದೆ ಮತ್ತೆ ಬಿಚ್ಚಿ ಅಚ್ಚು ನೋಡಿ. ಎಲ್ಲ ಕಡೆ ಸಮನಾಗಿ ತೆಳುವಾಗಿದ್ದರೆ ಒರೆಸಿ, ಆಮೇಲೆ ನಿಜವಾದ ಪೇಸ್ಟ್. ಇನ್ನೊಂದು ಮಾತು, ಡಬ್ಬದ ಮೇಲಿನ ಉಷ್ಣವಾಹಕತೆಯ ಅಂಕಿ ದೊಡ್ಡದೆಂದು ಗಟ್ಟಿ ಪ್ಯಾಡ್ ತರಬೇಡಿ. ಮೆತ್ತಗಿರುವುದು ತಗ್ಗುತ್ತದೆ, ಗಟ್ಟಿಯದು ಹಟ ಹಿಡಿಯುತ್ತದೆ.

ಎಸ್.ಪಿ. ರಸ್ತೆಯ ಬಳಿಯಿಂದ

ನಾನು ಈ ಕೆಲಸ ಮಾಡಿಯೇ ಹೊಟ್ಟೆ ಹೊರೆಯುವವನು, ಸ್ವಾರ್ಥ ಇದೆ ಎಂದುಕೊಂಡೇ ಓದಿ. ಮನೆಯಲ್ಲಿ ಬಿಚ್ಚಿ ಕೆಡಿಸಿಕೊಂಡು ನನ್ನ ಮೇಜಿಗೆ ಬರುವ ಕಾರ್ಡುಗಳಲ್ಲಿ ಪೇಸ್ಟ್ ತಪ್ಪಾದದ್ದು ಅಪರೂಪ. ಬರುವುದು ಇಂಥವು: ಹೀಟ್‌ಸಿಂಕ್ ಎತ್ತುವ ಅವಸರದಲ್ಲಿ ಫ್ಯಾನಿನ ವೈರನ್ನು ಎಳೆದು, ಸಾಕೆಟ್ ಬೋರ್ಡಿನಿಂದಲೇ ಕಿತ್ತು ಬಂದಿರುತ್ತದೆ. ಒಣಗಿದ ಪೇಸ್ಟನ್ನು ಬ್ಲೇಡಿನಿಂದ ಕೆರೆದು, ಚಿಪ್ಪಿನ ಸುತ್ತ ಸಾಸಿವೆಗಿಂತ ಸಣ್ಣಗಿರುವ ಕೆಪಾಸಿಟರುಗಳು ಹಾರಿಹೋಗಿರುತ್ತವೆ. ಅಳತೆಯಲ್ಲದ ಸ್ಕ್ರೂಡ್ರೈವರಿನಿಂದ ಸ್ಕ್ರೂ ತಲೆ ಸವೆದಿರುತ್ತದೆ.

ಬಿಚ್ಚುವ ಮುನ್ನ ಹತ್ತು ನಿಮಿಷ ಯಾವುದಾದರೂ ಆಟ ಓಡಿಸಿ, ಪೇಸ್ಟ್ ಮೆತ್ತಗಾಗಲಿ. ಆಮೇಲೆ ಕಂಪ್ಯೂಟರ್ ಆರಿಸಿ, ಪ್ಲಗ್ ತೆಗೆದು ಕಾರ್ಡ್ ಹೊರತೆಗೆಯಿರಿ. ಚಿಪ್ಪಿನ ಹಿಂದಿನ ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಗಳಿಂದ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಹಾಕುವಾಗಲೂ ಹಾಗೆಯೇ. ಹೀಟ್‌ಸಿಂಕ್ ಅಂಟಿಕೊಂಡಿದ್ದರೆ ಮೀಟಬೇಡಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಚಿ. ಬಿಟ್ಟುಕೊಂಡ ಕೂಡಲೇ ಎತ್ತಿಬಿಡದೆ, ಪುಸ್ತಕ ತೆರೆಯುವಂತೆ ಒಂದು ಬದಿ ತೆರೆದು ವೈರು ನೋಡಿ. ಒರೆಸಲು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ.

ಅಂಗಡಿಗೆ ಕೊಡುವುದಾದರೆ ‘ಯಾವ ದಪ್ಪದ ಪ್ಯಾಡ್ ಹಾಕುತ್ತೀರಿ?’ ಎಂದು ಕೇಳಿ. ‘ಎಲ್ಲದಕ್ಕೂ ಒಂದೇ’ ಎಂಬ ಉತ್ತರ ಬಂದರೆ ಕಾರ್ಡ್ ಚೀಲಕ್ಕೆ ಹಾಕಿಕೊಂಡು ಎದ್ದು ಬನ್ನಿ.

ಮಲ್ಲೇಶ್ವರದಿಂದ

ನಾನು ಆನಿಮೇಷನ್ ಕೆಲಸದವಳು. ರಾತ್ರಿಯಿಡೀ ರೆಂಡರ್ ಓಡುತ್ತದೆ, ಬೆಳಿಗ್ಗೆ ಕಾರ್ಡ್ ತಣ್ಣಗಾಗುತ್ತದೆ, ಮತ್ತೆ ರಾತ್ರಿ ಬಿಸಿ. ಎಲ್ಲರೂ ಹೊಗಳಿದ ಪೇಸ್ಟ್ ಹಾಕಿದೆ. ಮೊದಲ ವಾರ ಹಾಟ್ ಸ್ಪಾಟ್ 82, ನಾಲ್ಕು ತಿಂಗಳಿಗೆ 98. ತೆರೆದರೆ ಚಿಪ್ಪಿನ ನಡುವೆ ಕನ್ನಡಿಯಂತೆ ಬೋಳು, ಪೇಸ್ಟೆಲ್ಲ ಅಂಚಿನಲ್ಲಿ ಕಟ್ಟೆ ಕಟ್ಟಿತ್ತು. ಗ್ರಾಫಿಕ್ಸ್ ಚಿಪ್ಪಿಗೆ ಪ್ರೊಸೆಸರಿನಂತೆ ಲೋಹದ ಮುಚ್ಚಳ ಇರುವುದಿಲ್ಲ. ಬಿಸಿಯಾದಾಗ ಹಿಗ್ಗಿ, ತಣಿದಾಗ ಕುಗ್ಗಿ, ತೆಳು ಪೇಸ್ಟನ್ನು ದಿನವೂ ಚೂರುಚೂರು ಹೊರಗೆ ತಳ್ಳುತ್ತದೆ.

ಈಗ ಹಾಕಿರುವುದು ಹನಿವೆಲ್ ಕಂಪನಿಯ ಪಿಟಿಎಂ7950 ಹಾಳೆ. ಮಾಮೂಲಿ ಬಿಸಿಯಲ್ಲಿ ಗಟ್ಟಿಯಾಗಿದ್ದು 45 ಡಿಗ್ರಿಯ ಸುಮಾರಿಗೆ ಕರಗಿ ಹರಡುತ್ತದೆ. ಕತ್ತರಿಸುವ ಮುನ್ನ ಹತ್ತು ನಿಮಿಷ ಫ್ರೀಜರಿನಲ್ಲಿಡಿ. ಇಲ್ಲದಿದ್ದರೆ ಮೇಲಿನ ಪ್ಲಾಸ್ಟಿಕ್ ಪೊರೆ ಬಿಡಿಸುವಾಗ ಬೂದು ಪದರವೂ ಅದರ ಜೊತೆ ಎದ್ದು ಬರುತ್ತದೆ. ನನ್ನ ಮೊದಲ ತುಂಡು ಹೀಗೇ ದಂಡವಾಯಿತು. ಮೊದಲ ದಿನದ ಅಂಕಿ ನೋಡಿ ನಿರಾಶರಾಗಬೇಡಿ. ನಾಲ್ಕಾರು ಸಲ ಬಿಸಿಯಾಗಿ ತಣಿದ ಮೇಲೆ ಕೂರುತ್ತದೆ. ಒಂದೂವರೆ ವರ್ಷವಾಯಿತು, ನನ್ನದು 85 ದಾಟಿಲ್ಲ.

ಕೆ.ಆರ್. ಪುರದಿಂದ

ಎಲ್ಲರೂ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದೀರಿ. ಮೊದಲು ಧೂಳು ತೆಗೆಯಿರಿ! ನಮ್ಮ ಕಡೆ ಹೊರವರ್ತುಲ ರಸ್ತೆಯ ಮೆಟ್ರೊ ಕಾಮಗಾರಿ ಶುರುವಾದಾಗಿನಿಂದ ಕಿಟಕಿ ತೆರೆದರೆ ಸಂಜೆಗೆ ಕೀಬೋರ್ಡಿನ ಮೇಲೆ ಹೆಸರು ಬರೆಯಬಹುದು. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಬುಗುರಿಯಂತೆ ತಿರುಗಲು ಬಿಡಬೇಡಿ, ಬೇರಿಂಗ್ ಹಾಳಾಗುತ್ತದೆ.

ಆಮೇಲೆ ತಂತ್ರಾಂಶದಲ್ಲಿ ಚಿಪ್ಪಿನ ವೋಲ್ಟೇಜ್ ಇಳಿಸಿ. ನನ್ನ 3070 ಕಾರ್ಡ್ 220 ವ್ಯಾಟ್ ತಿನ್ನುತ್ತಿದ್ದುದು ಈಗ 170ರ ಆಸುಪಾಸಿನಲ್ಲಿದೆ, ಆಟದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಗಾಳಿಯ ಸಾಂದ್ರತೆ ಮಂಗಳೂರಿಗಿಂತ ಶೇಕಡಾ 8ರಷ್ಟು ಕಡಿಮೆ. ಅದೇ ಫ್ಯಾನ್, ಅದೇ ವೇಗ, ಹೊತ್ತೊಯ್ಯುವ ಗಾಳಿ ಮಾತ್ರ ಅಷ್ಟು ಹಗುರ. ನಮ್ಮ ಊರು ತಂಪು ಎಂಬ ಜಂಬವೂ ಏಪ್ರಿಲಿನಲ್ಲಿ ಉಳಿಯುವುದಿಲ್ಲ, 2016ರಲ್ಲಿ 39.2 ಕಂಡಿದ್ದೇವೆ.

ಬನಶಂಕರಿಯಿಂದ ಮತ್ತೆ

ಧೂಳು, ವೋಲ್ಟೇಜ್ ಎರಡೂ ಸರಿ, ಅವರು ಹೇಳಿದ ಕ್ರಮವೂ ಸರಿ. ಆದರೆ 108ರಲ್ಲಿರುವ ಮೆಮೊರಿ ಅಷ್ಟಕ್ಕೇ ದಾರಿಗೆ ಬರುತ್ತದೆ ಎಂದು ನನಗನ್ನಿಸುವುದಿಲ್ಲ. ಸತ್ತ ಪ್ಯಾಡ್ ಸತ್ತಂತೆಯೇ.

ವಿಜಯನಗರದಿಂದ, ಎರಡು ವಾರಗಳ ನಂತರ

ಮೊದಲು ಧೂಳು ತೆಗೆದು ವೋಲ್ಟೇಜ್ ಇಳಿಸಿ ನೋಡಿದೆ: ಚಿಪ್ 73, ಮೆಮೊರಿ 102. ಭಾನುವಾರ ಬಿಚ್ಚಿಯೇಬಿಟ್ಟೆ. ಹಳೆಯ ಪ್ಯಾಡುಗಳು ಒಣಗಿದ ಕೊಬ್ಬರಿಯಂತೆ ಪುಡಿಪುಡಿಯಾಗಿ ಬಂದವು, ಸುತ್ತಲೂ ಎಣ್ಣೆ ಜಿನುಗಿತ್ತು. ಗಾಬರಿಯಾಗಿ ಎಸ್.ಪಿ. ರಸ್ತೆಯವರನ್ನು ಕೇಳಿದೆ, ಪ್ಯಾಡಿನ ಸಿಲಿಕೋನ್ ಎಣ್ಣೆ, ಒರೆಸಿದರೆ ಸಾಕು ಎಂದರು. ಅಂಚಿನ ಅಳತೆಯಲ್ಲಿ ಮೆಮೊರಿಯ ಕಡೆ 2 ಮಿ.ಮೀ., ವಿದ್ಯುತ್ ಭಾಗದ ಸಾಲಿಗೆ 1.5 ಎಂದು ಸಿಕ್ಕಿತು. ಇದು ನನ್ನ ಕಾರ್ಡಿನ ಲೆಕ್ಕ, ಬೇರೆ ಕಂಪನಿಯ 3080ಗೆ ನಕಲು ಮಾಡಬೇಡಿ. ಮೊದಲ ಅಚ್ಚು ಒಂದು ಮೂಲೆಯಲ್ಲಿ ದಪ್ಪ ಬಂತು. ನೋಡಿದರೆ ಅಲ್ಲಿ ಹಳೆಯ ಪ್ಯಾಡಿನ ಚೂರೊಂದು ಹೊಸದರ ಕೆಳಗೆ ಸಿಕ್ಕಿಕೊಂಡಿತ್ತು. ತೆಗೆದು ಮತ್ತೆ ಬಿಗಿದಾಗ ಸಮನಾಯಿತು. ಚಿಪ್ಪಿಗೆ ಮಲ್ಲೇಶ್ವರದವರು ಹೇಳಿದ ಹಾಳೆ, ದೋಸೆಹಿಟ್ಟಿನ ಮೇಲಿನ ಫ್ರೀಜರಿನಿಂದ.

ಆರು ದಿನ ಬಳಸಿದ ಮೇಲಿನ ಅಂಕಿ: ಚಿಪ್ 68, ಹಾಟ್ ಸ್ಪಾಟ್ 80, ಮೆಮೊರಿ 86. ಎಲ್ಲ ಸೇರಿ ಮೂರೂವರೆ ಗಂಟೆ ಹಿಡಿಯಿತು, ಅದರಲ್ಲಿ ಎರಡು ಗಂಟೆ ಒರೆಸುವುದಕ್ಕೇ ಹೋಯಿತು. 2 ಮಿ.ಮೀ. ಪ್ಯಾಡ್ ಅರ್ಧ ಹಾಳೆ ಉಳಿದಿದೆ. ವಿಜಯನಗರದ ಸುತ್ತಮುತ್ತ ಯಾರಿಗಾದರೂ ಬೇಕಿದ್ದರೆ ತೆಗೆದುಕೊಂಡು ಹೋಗಿ, ಆದರೆ ಅಳೆದುಕೊಂಡು ಬನ್ನಿ.